ಬಾಗಿಲು ತೆರೆದಿಟ್ಟ ಮೊಲ

ತೇರಗಾಂವ,
೪ ಮಾರ್ಚ್ ೧೯೬೩

ಪ್ರೀತಿಯ ಗೋದೂ,

ನಿನ್ನ ಕಾಗದ ಬಂದ ಮೇಲೆ ಸಂಕ್ರಾಂತಿ ಹೋಯಿತು, ಶಿವರಾತ್ರಿಯೂ ಹೋಯಿತು. ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಇಲ್ಲಿ ಎಮ್ಮೆ ಚೆನ್ನಾಗಿದೆ, ಭತ್ತ ಚೆನ್ನಾಗಿ ಬಂತು, ನನ್ನ ಮೊಣಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಹಳಿಯಾಳದ ಕನ್ಯಾಶಾಲೆಯಲ್ಲಿ ನನ್ನ ಪಕ್ಕ ಕೂತು ಲೆಕ್ಕ ಕದಿಯುತ್ತಿದ್ದವಳು ಈಗ ಮುಂಡಗೋಡದಲ್ಲಿ ಅಕ್ಕೋರಾಗಿದ್ದಾಳೆ ಅಂತ ನಮ್ಮ ಓಣಿಯವರಿಗೆಲ್ಲ ಹೇಳಿದೆ. ಲೆಕ್ಕದ ವಿಷಯ ಹೇಳಲಿಲ್ಲ, ಹೆದರಬೇಡ.

ನಿನ್ನ ಕ್ಲಾಸಿನ ತಾಯವ್ವ ಕಾಲು ಎಳೆದು ನಡೆಯುತ್ತಾಳೆ, ಹುಡುಗರು ನಗುತ್ತಾರೆಂದು ಶಾಲೆಗೇ ಬರಲು ಒಲ್ಲೆ ಅನ್ನುತ್ತಾಳೆ, ಅವಳಿಗೆ ಓದಿ ಹೇಳಲು ನಮ್ಮ ಗಂಗಿಯ ಮೊಲದ ಕಥೆ ಬರೆದು ಕಳಿಸು ಎಂದು ಕೇಳಿದ್ದಿ. ಎಷ್ಟೋ ಸಲ ಬರೆಯಲು ಕೂತೆ, ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನೇ ಇವತ್ತು ಬರೆಯುತ್ತೇನೆ.

ಗಂಗಿ ನನ್ನ ತಮ್ಮ ಅಂದಾನೆಪ್ಪನ ಮಗಳು, ಮೇಲ್ದುಟಿ ಮೂಗಿನವರೆಗೆ ಸೀಳಿಕೊಂಡೇ ಹುಟ್ಟಿದ್ದಳು, ಇಷ್ಟು ನಿನಗೆ ಗೊತ್ತು. ಹಡೆದ ಕಾಶೆವ್ವ ಬಾಣಂತನದಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದು ಗೊತ್ತಿಲ್ಲ. "ಗ್ರಹಣದಾಗ ಬದನೀಕಾಯಿ ಹೆಚ್ಚಿದ್ನಿರೀ, ಅದಕ್ಕ ಹಿಂಗಾತು" ಎಂದು ಒಂದೇ ಸಮ ಅತ್ತಳು. ಕೂಸಿನ ಮುಖ ನೋಡಲು ಅವಳಿಂದ ಆಗಲಿಲ್ಲ. ಕೂಸಿಗೆ ಮೊಲೆ ಹಿಡಿಯಲು ಬರುತ್ತಿರಲಿಲ್ಲ. ನಾನೇ ಅರಳೆಯ ಬತ್ತಿ ಅದ್ದಿ ಹನಿಹನಿ ಹಾಲು ಬಿಟ್ಟೆ. ಮುಂದೆ ಅಂದಾನೆಪ್ಪನಿಗೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕು ಗಂಡಹೆಂಡತಿ ಅಲ್ಲಿಗೆ ಹೋದರು, ಕೂಸು ನನ್ನ ಹತ್ತಿರ ಉಳಿಯಿತು. ಗಂಡ ಸತ್ತು ತವರಿಗೆ ಬಂದವಳಿಗೆ ಮನೆಯಲ್ಲಿ ಎಲ್ಲರೂ ಕೆಲಸ ಹೇಳುತ್ತಾರೆ ಗೋದೂ, ಅಕ್ಕರೆಯಿಂದ ಯಾರೂ ಕರೆಯುವುದಿಲ್ಲ. ಗಂಗಿ ಕರೆದಳು.

ಅವಳು ಓಣಿಗೆ ಇಳಿಯುವಷ್ಟಾದಾಗ ಹುಡುಗರು "ಮೊಲಾ, ಮೊಲಾ" ಎಂದು ಕಾಡತೊಡಗಿದರು. ಅಳುತ್ತ ಬಂದವಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಒಂದು ಕಥೆ ಕಟ್ಟಿದೆ. ಶಿವ ಎಲ್ಲ ಪ್ರಾಣಿಗಳಿಗೂ ಬಾಯಿ ಮಾಡಿ ಕೊನೆಗೆ ಮೊಲದ ಹತ್ತಿರ ಬಂದನಂತೆ. ಕಿವಿ ಉದ್ದವಲ್ಲವೇ, ಕಾಡಿನ ಕಥೆಯನ್ನೆಲ್ಲ ಕೇಳಿಸಿಕೊಂಡು ಅದರ ಹೊಟ್ಟೆ ತುಂಬಿತ್ತು. ಇದರ ಬಾಗಿಲು ಪೂರ್ತಿ ಹಾಕಿದರೆ ಕಥೆಗಳಿಗೆ ಉಸಿರು ಕಟ್ಟುತ್ತದೆ ಎಂದು ಶಿವ ಅದರ ತುಟಿಯನ್ನು ಸ್ವಲ್ಪ ತೆರೆದೇ ಬಿಟ್ಟ. ಪಾರ್ವತಿ ಬಂದು ನೋಡಿ, "ಇದರ ಬಾಗಲಾ ಹಾಕೂದು ಮರತ್ರೇನು?" ಎಂದಳು. "ಮರತಿಲ್ಲ, ಬೇಕಂತ ಬಿಟ್ಟೇನಿ" ಎಂದ ಶಿವ.

ಆ "ಬೇಕಂತ ಬಿಟ್ಟೇನಿ" ಗಂಗಿಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಕಾಡಲು ಬಂದ ಹುಡುಗರಿಗೆ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ಹೇಳಿದಳು. ಗೂಳಪ್ಪನ ಮಗ ಮುಂದೇನಾಯಿತೆಂದು ಕೇಳಿದ. ಅವತ್ತಿನಿಂದ ನಮ್ಮ ಕಟ್ಟೆಯ ಮೇಲೆ ಮಕ್ಕಳ ಹಿಂಡು. ನಾನು ಕಟ್ಟಿಕೊಟ್ಟಿದ್ದನ್ನು ಇವಳು ತನ್ನ ಮೂಗಿನ ದನಿಯಲ್ಲಿ ಬೆಳೆಸಿ ಬೆಳೆಸಿ ಹೇಳುವಳು. ಒಂದು ಕಣ್ಣು ಹೋದಾಗಿನಿಂದ ರುಮಾಲನ್ನು ಹುಬ್ಬಿನ ಕೆಳಗೆ ಎಳೆದುಕೊಂಡೇ ತಿರುಗುವ ನಮ್ಮ ಅಡಿವೆಯ್ಯಜ್ಜ ಕೂಡ ಒಂದು ದಿನ ಬಂದು ಕೂತು, "ನಂದೂ ಒಂದ ಕಥಿ ಹೇಳವಾ" ಎಂದ. "ನಿಂದು ಬೇಕಂತ ಮುಚ್ಯಾನ ಅಜ್ಜಾ, ಒಳಗ ನೋಡಾಕ" ಎಂದಳು ಇವಳು. ಮುದುಕ ನಕ್ಕು ರುಮಾಲು ಮೇಲೇರಿಸಿದ. ಆವಾಗ ನನಗಾದ ಹೆಮ್ಮೆ ಹೆತ್ತವರಿಗೂ ಆಗಿರಲಿಕ್ಕಿಲ್ಲ.

ದೀಪಾವಳಿಗೆ ಅಂದಾನೆಪ್ಪ ಬಂದ. "ಅಕ್ಕಾ, ಬೆಳಗಾಂವಿ ದವಾಖಾನ್ಯಾಗ ಇಂಥಾ ತುಟಿ ಹೊಲಿಯೂ ಡಾಕ್ಟರ್ ಬಂದಾರಂತ. ಕರಕೊಂಡು ಹೋಗೂಣು" ಎಂದ. ನನಗೆ ಜೀವ ಬಂದಂತಾಯಿತು. ಮಗು ಅಂಬಲಿ ಕುಡಿದರೆ ಮೂಗಿನಲ್ಲಿ ಬರುತ್ತಿತ್ತು, ಮಾತು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಹೊಲಿಸಲೇಬೇಕು ಎಂದು ನಾನೇ ಮುಂದಾದೆ. ಆದರೆ ಗಂಗಿ ಕಣಜದ ಹಿಂದೆ ಹೋಗಿ ನಿಂತಳು. "ನಾ ಒಲ್ಲೆ. ಬಾಗಲಾ ಹಾಕಿದ್ರ ಕಥಿ ಹೆಂಗ ಹೊರಗ ಬರತಾವ?"

ಬೆಲ್ಲ ಕೊಟ್ಟರೂ ಇಲ್ಲ, ಗದರಿಸಿದರೂ ಇಲ್ಲ. "ಕೂಸಿನ ತಲ್ಯಾಗ ಏನೇನ ತುಂಬಿಟ್ಟೀದಿ ಅಕ್ಕಾ?" ಎಂದು ಅಂದಾನೆಪ್ಪ ಸಿಡುಕಿದ. ಡಾಕ್ಟರರು ಹೆಚ್ಚು ದಿನ ಇರುವವರಲ್ಲ. ಕಡೆಗೆ ನಾನು ಕಣದಲ್ಲಿ ಭತ್ತ ತೂರುತ್ತ ಇನ್ನೊಂದು ಕಥೆ ಹೇಳಿದೆ. ಮೊಲ ಹೇಳಿ ಹೇಳಿ ಅದರ ಹೊಟ್ಟೆಯ ಕಥೆಗಳೆಲ್ಲ ಖಾಲಿಯಾದವು, ಆಗ ಶಿವ ಬಂದು, "ಎಲ್ಲಾ ಹೊರಗ ಬಂದಾವ, ಇನ್ನ ಬಾಗಲಾ ಹಾಕೂಣು, ಥಂಡಿ ಹೊಡೀತೈತಿ" ಎಂದ. ಗಂಗಿ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಎಲ್ಲಾ ಬಂದಾವೇನ ಅತ್ತಿ?"

"ಎಲ್ಲಾ ಬಂದಾವ."

"ಹಂಗಾರ ನಡಿ."

ತುಟಿ ಚೆನ್ನಾಗಿ ಕೂಡಿತು, ಸೀಳಿದ್ದ ಅಂಗುಳವನ್ನೂ ಹೊಲಿದಿದ್ದರು. ಈಗ ಸಣ್ಣ ಗೆರೆ ಮಾತ್ರ ಇದೆ, ಮುಟ್ಟಿ ನೋಡಿದರಷ್ಟೇ ತಿಳಿಯಬೇಕು. ಕಾಶೆವ್ವನೂ ದವಾಖಾನೆಗೆ ಬಂದಿದ್ದಳು. ಬರುವಾಗ ಮೂವರೂ ಸೀದಾ ದಾಂಡೇಲಿಗೆ ಹೋದರು, ನಾನೊಬ್ಬಳೇ ಹಳಿಯಾಳದಲ್ಲಿ ಬಸ್ಸಿಳಿದೆ. "ಅಲ್ಲೇ ಸಾಲಿಗೆ ಹಾಕ್ತೇವಿರೀ ಅಕ್ಕಾರ" ಎಂದು ಕಾಶೆವ್ವ ಕಿಟಕಿಯಿಂದ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತವಳು, ಎಂಟು ವರ್ಷ ಅವಳೂ ಸುಖವಾಗಿ ಉಂಡಿರಲಿಕ್ಕಿಲ್ಲ.

ಮೊನ್ನೆ ಶಿವರಾತ್ರಿ ಮುಗಿಸಿ ಎಳ್ಳುಂಡೆ ಕಟ್ಟಿಕೊಂಡು ದಾಂಡೇಲಿಗೆ ಹೋಗಿದ್ದೆ. ಕಾಶೆವ್ವ ಕಾಲಿಗೆ ನೀರು ಕೊಟ್ಟು ಒಳಗೆ ಕರೆದು ಮೆಲ್ಲಗೆ ಹೇಳಿದಳು, "ಈ ಮಿಲ್ಲಿನ ಚಾಳಿನ್ಯಾಗ ಯಾರಿಗೂ ಗೊತ್ತಿಲ್ಲರೀ. ಮೊಲದ ಕಥಿ ಮಾತ್ರ ತಗೀಬ್ಯಾಡ್ರಿ." ತಲೆಯಾಡಿಸಿದೆ. ಗಂಗಿ ಶಾಲೆಯಿಂದ ಬಂದಳು, ರಿಬ್ಬನ್ನು ಕಟ್ಟಿಕೊಂಡು ಅಚ್ಚುಕಟ್ಟಾಗಿದ್ದಳು. ಪುಸ್ತಕ ತೆಗೆದು ಮೊದಲಿಗಿಂತ ಸ್ಪಷ್ಟವಾಗಿ ಓದಿ ತೋರಿಸಿದಳು, ನನಗೆ ಕಣ್ಣು ತುಂಬಿ ಬಂತು. ಕಾಶೆವ್ವ ನೀರಿಗೆ ಹೋದಾಗ ತಡೆಯಲಾರದೆ, "ಕಥಿ ಹೇಳ್ಲೇನ ಗಂಗೀ?" ಎಂದೆ.

"ಎಲ್ಲಾ ಮುಗದಾವಲ್ಲ ಅತ್ತಿ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ದೊಡ್ಡವರಿಗೆ ಕೊಡುವ ಮರ್ಯಾದೆ ಕೊಟ್ಟು ಹೇಳಿದಳು.

ಅದಕ್ಕೇ ಗೋದೂ, ನಿನಗೆ ಆ ಕಥೆ ಕಳಿಸುತ್ತಿಲ್ಲ. ತಾಯವ್ವನಿಗೆ ನೀನೇ ಒಂದು ಕಟ್ಟು. ಅವಳ ಕಾಲು ಯಾಕೆ ಹಾಗಿದೆ ಎಂದು ಮಾತ್ರ ಅದರಲ್ಲಿ ಹೇಳಲು ಹೋಗಬೇಡ. ನಾನು ಗಂಗಿಯ ತುಟಿಗೆ ಒಂದು ಕಾರಣ ಹುಡುಕಿಕೊಟ್ಟೆ, ಆಮೇಲೆ ನಾನೇ ಆ ಕಾರಣ ತೀರಿತು ಎಂದು ಹೇಳಬೇಕಾಯಿತು. ಒಂದು ಮೊಲ ಇತ್ತು, ಅದರ ಕಾಲು ಹಾಗಿತ್ತು, ಅದು ಮೇಯಲು ಹೋಯಿತು ಎಂದು ಶುರು ಮಾಡು. ಮೇಯಲು ಹೋಗಿ ಏನಾಯಿತು ಎಂದು ಅವಳೇ ಕೇಳುತ್ತಾಳೆ.

ನಿನ್ನ ಶಾಲೆಯ ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಒಂದು ಸಲ ಕೈಯಾಡಿಸು. ಶಿವ ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನ್ನ ಕೈಯಲ್ಲಿ ಕಲಿತವರೆಲ್ಲ ನೂರು ಕಾಲ ಬಾಳಲಿ.

ನಿನ್ನ,
ಶಂಕ್ರವ್ವ

ತಾ. ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇಷ್ಟು ಬರೆದು ಇದನ್ನೊಂದು ಬಿಟ್ಟರೆ ಬರೆದಂತಾಗುವುದಿಲ್ಲ. ಅವಳ ಆ ತುಟಿ ನನಗೆ ನಿಜವಾಗಿಯೂ ಚೆಂದ ಕಾಣುತ್ತಿತ್ತು ಗೋದೂ. "ಬೇಕಂತ ಬಿಟ್ಟೇನಿ" ಅನ್ನುವುದು ಬರೀ ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ. ಬೆಳಗಾಂವಿಯಲ್ಲಿ ಪಟ್ಟಿ ಬಿಚ್ಚಿದಾಗ ಅಂದಾನೆಪ್ಪ ಕನ್ನಡಿ ತರಲು ಓಡಿದ. ಗಂಗಿ ಕನ್ನಡಿಗೆ ಕಾಯಲಿಲ್ಲ, ನನ್ನ ಮುಖ ನೋಡಿದಳು. ತಾನು ಹೇಗಿದ್ದೇನೆ ಅನ್ನುವುದನ್ನು ಹುಟ್ಟಿದಾಗಿನಿಂದ ಅಲ್ಲೇ ನೋಡಿಕೊಂಡವಳು. ನಾನು ಆ ಹೊಸ ಮುಖದಲ್ಲಿ ನನ್ನ ಕೂಸನ್ನು ಹುಡುಕುತ್ತಿದ್ದೆ, ನಗಲು ಆಗಲಿಲ್ಲ. "ಛಲೋ ಆಗಿಲ್ಲೇನ ಅತ್ತಿ?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಕಾಶೆವ್ವ ಅವಳನ್ನು ಬಾಚಿ ಎತ್ತಿಕೊಂಡು, "ನನ್ನ ಚೆಂದನ ಮಗಳ" ಎಂದಳು. ಗಂಗಿ ಅವಳ ಹೆಗಲಿಗೆ ಮುಖ ಆನಿಸಿದಳು. ಆಮೇಲೆ ನನ್ನ ಕಡೆ ತಿರುಗಲಿಲ್ಲ.