ಎಡಗೈ ಲಿವರ್ ಉದ್ದದ್ದೇ ಇರಲಿ

ಮಿರ್ಕೊ,

ಹೋಟೆಲಿನ ಲಾಂಡ್ರಿ ಕೆಲಸಕ್ಕೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಪಿಯಾದೀನ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಚೀಸ್ ಹಚ್ಚಿಕೊಂಡು ತಿನ್ನು. ಕಾಫಿ ಪಾತ್ರೆಗೆ ಸೋಪು ಹಾಕಬೇಡ ಎಂದು ಎಷ್ಟು ಸಲ ಹೇಳಲಿ ನಿನಗೆ.

ಅಪ್ಪನ ಬೈಕಿನ ಲಿವರ್ ವಿಚಾರ. ಬ್ರೇಕಿಗೆ ನೀನು ಹೇಳಿದ ಗಿಡ್ಡದ್ದನ್ನೇ ರಿಮಿನಿಯ ಅಂಗಡಿಯಿಂದ ತಗೋ. ಬಿದ್ದರೆ ಮುರಿಯದೆ ಮಡಚಿಕೊಳ್ಳುವಂಥದ್ದಿರಲಿ. ಎರಡು ಬೆರಳಲ್ಲಿ ಬ್ರೇಕು, ಉಳಿದ ಬೆರಳು ಹ್ಯಾಂಡಲ್ ಮೇಲೆ ಎಂದು ನಿಮ್ಮಪ್ಪನೂ ಹೇಳುತ್ತಿದ್ದರು. ಕೆಂಪು ಬೇಡ, ಕಣ್ಣಿಗೆ ಹೊಡೆಯುತ್ತದೆ.

ಆದರೆ ಎಡಗೈಯ ಕ್ಲಚ್ಚನ್ನು ಅವರು ನಾಲ್ಕೂ ಬೆರಳಲ್ಲಿ ಹಿಡಿಯುತ್ತಿದ್ದರು. ಮದುವೆಯ ಉಂಗುರ ತಾಗಿ ತಾಗಿ ಹಳೆಯ ಲಿವರಿನಲ್ಲಿ ಒಂದು ಗೆರೆ ಬಿದ್ದಿತ್ತು. "ಅದು ಗುಜರಿ ಕಣಮ್ಮ, ಬಿಸಾಕ್ತೀನಿ" ಅಂದೆ ನೀನು. ಬಿಸಾಕಿಯೂ ಬಿಟ್ಟೆ. ಗಿಡ್ಡದ್ದು ಸಿಗುವವರೆಗೆ ಇರಲಿ ಎಂದು ಶನಿವಾರ ನೀನೇ ಹೊಸ ಉದ್ದದ ಲಿವರ್ ಹಾಕಿದೆ.

ನಿನ್ನೆ ಗಾಡಿ ಒರೆಸುವಾಗ ನೋಡಿದೆ. ಹೊಸದರಲ್ಲೂ ಅದೇ ಜಾಗದಲ್ಲಿ ಗೆರೆ ಮೂಡಿದೆ.

ನಿನಗೆ ಇನ್ನೂ ಮದುವೆಯಾಗಿಲ್ಲ, ಉಂಗುರವಿಲ್ಲ. ನನ್ನದು ಸೋಪಿನ ನೀರಿಗೆ ಬೆರಳು ಊದಿಕೊಂಡಾಗಿನಿಂದ ಡಬ್ಬಿಯಲ್ಲಿದೆ. ಅವರದನ್ನು ಅವರ ಬೆರಳಲ್ಲೇ ಬಿಟ್ಟು ಶವಪೆಟ್ಟಿಗೆ ಮುಚ್ಚಿಸಿದವಳು ನಾನೇ.

"ಅಮ್ಮ, ನಿಂಗೆ ತಲೆ ಕೆಟ್ಟಿದೆ" ಅನ್ನುತ್ತೀಯ, ಗೊತ್ತು. ಅನ್ನು. ಆದರೆ ಕ್ಲಚ್ಚಿಗೆ ಮಾತ್ರ ಗಿಡ್ಡದ್ದು ಹಾಕಬೇಡ. ಹಾಕಿಬಿಟ್ಟರೆ ಅವರು ಉಂಗುರದ ಬೆರಳನ್ನು ಎಲ್ಲಿಡಬೇಕು?

ಅಮ್ಮ