ಮರಳಿ ಗಿರಣಿಯ ಖಾಲಿ ಪೆಟ್ಟಿಗೆ

ನನಗೆ ಅಕ್ಷರ ಕಲಿಸಿದ, ಕೊನೆತನಕ ನನ್ನ ಜೊತೆ ಜಗಳ ಬಿಡದ ಮಾಸ್ತರರೇ,

ನಮ್ಮ ಮರಳಿ ಊರಿನ ಅಕ್ಕಿ ಗಿರಣಿಯ ಅಂಗಳದಲ್ಲಿ ನೀವು ಕತ್ತೆತ್ತಿ ನಿಂತದ್ದು ನೆನಪಿದೆ. ಭತ್ತ ಮೇಲೆತ್ತುವ ಎಲಿವೇಟರಿನ ತುದಿಯಲ್ಲಿ ಗೂಗಿ, ಅದೇ ನಿಮ್ಮ ಪುಸ್ತಕದ ಗೂಬೆ, ಸಂಸಾರ ಹೂಡಿತ್ತು. ಗೂಗಿ ಹೊಕ್ಕ ಮನೆ ಹಾಳು ಅಂತ ನಾನು ಕೋಲು ತರಿಸಿದ್ದೆ. "ಲೇ ಬಸ್ಯಾ, ಅದು ಪಗಾರ ಕೇಳದ ವಾಚಮನ್. ನಿನ್ನ ಚೀಲ ಕೊರಿಯೋ ಇಲಿ ತಿಂತೈತಿ. ನೀ ಅಷ್ಟೂ ಉಪಯೋಗಕ್ಕ ಬರೂದಿಲ್ಲ" ಅಂದಿರಿ. ಹಮಾಲರೆಲ್ಲ ನಕ್ಕರು. ಕೋಲು ಮೂಲೆ ಸೇರಿತು. ಹಮಾಲನಾಗಿ ಬಂದು ಮಾಲೀಕನಾದವನಿಗೆ ಹಾಗೆ ಅನ್ನುವ ಧೈರ್ಯ ಇನ್ನಾರಿಗಿತ್ತು?

ಗಿರಣಿ ನಿಂತಿತು, ನೀವೂ ಹೋದಿರಿ. ನಿಮ್ಮ ಮನೆಯವರು ನೀವು ಕೂಡಿಸಿಟ್ಟ ಟ್ರಂಕುಗಳನ್ನು ನನಗೆ ಒಪ್ಪಿಸಿದ ದಿನ ಒಂದೊಂದೇ ತೆಗೆದು ತಾಳೆ ನೋಡಿದೆ: ಗೀಜಗನ ಗೂಡು, ಕುಷ್ಟಗಿ ಮಡ್ಡಿಯ ತೋಳದ ತಲೆಬುರುಡೆ, ಹಾವಿನ ಪೊರೆ, ನವಿಲಿನ ಪುಕ್ಕ. ಪ್ರತಿ ಪೆಟ್ಟಿಗೆಗೂ ನಿಮ್ಮ ಕೈಬರಹದ ಚೀಟಿ. ಒಂದು ಮಾತ್ರ ಖಾಲಿ: "ಗೂಗಿ. ಮರಳಿ ಗಿರಣಿ. ಹಿಡಿದಿಲ್ಲ." ಹಿಡಿಯದಿದ್ದರೆ ಚೀಟಿ ಯಾಕೆ ಬರೆದಿರಿ ಅಂತ... ಇರಲಿ. ಗಿರಣಿಯನ್ನೇ ಶಾಲೆಯ ಮಕ್ಕಳಿಗೆ ಪ್ರಾಣಿಪಕ್ಷಿಗಳ ಸಂಗ್ರಹಾಲಯ ಮಾಡಿ, ನಿಮ್ಮ ಹೆಸರಿಟ್ಟೆ.

ನಿನ್ನೆ ಮಧ್ಯಾಹ್ನ ಪುಕ್ಕಗಳಲ್ಲಿ ನುಸಿ ಕಂಡಿತು. ಉದ್ಘಾಟನೆಗೆ ಮೂರೇ ದಿನ. ಗಿರಣಿಯವನಿಗೆ ಗೊತ್ತಿರುವ ಮದ್ದು ಒಂದೇ: ಅಕ್ಕಿಗೆ ಹುಳ ಬಿದ್ದಾಗ ಇಡುವ ವಿಷದ ಗುಳಿಗೆ. ಇಟ್ಟರೆ ಒಳಗೆ ಉಸಿರಾಡುವುದು ಯಾವುದೂ ಉಳಿಯದು. ಅದಕ್ಕೇ ಬಾಗಿಲು ಮುಚ್ಚುವ ಮುನ್ನ ಮೂರು ಸಲ ಕೂಗುವ ಪದ್ಧತಿ. ಕೂಗಿದೆ: "ಒಳಗ ಯಾರರ ಅದೀರೇನು?" ಗುಳಿಗೆ ಇಡಿಸಿದೆ. ಬೀಗ ಹಾಕಿದೆ.

ಕಸ ಗುಡಿಸುವ ನಿಂಗಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಸಾವ್ಕಾರ್ರ, ಗೂಗಿ ಮರಿ 'ಓ' ಅಂತಾವೇನ್ರಿ?"

ಎಲಿವೇಟರಿನ ತುದಿಯಲ್ಲಿ ಗೂಗಿ ಈ ವರ್ಷವೂ ಮರಿ ಮಾಡಿದ್ದನ್ನು ಮರೆತೇಬಿಟ್ಟಿದ್ದೆ, ಮಾಸ್ತರರೇ. ಬಾಗಿಲು, ಕಿಟಕಿ ಎಲ್ಲ ತೆಗೆಸಿದೆ. ಹಳೆಯ ಹಮಾಲ ಹುಸೇನಪ್ಪ ಮುಖವಾಡ ಹಾಕಿಕೊಂಡು ಗುಳಿಗೆ ಹೊರತಂದ. "ಮರಿ?" ಅಂದೆ. "ಮ್ಯಾಲ ಸದ್ದಿಲ್ರಿ" ಅಂದ. ಹತ್ತಿ ನೋಡೋಣವೆಂದರೆ, ವಿಷ ಇಳಿಯುವ ತನಕ ಯಾರೂ ಒಳಹೋಗುವಂತಿಲ್ಲ. ನೀವು ಉಳಿಸಿದ್ದನ್ನು, ನಿಮ್ಮ ಹೆಸರಿನ ಜಾಗದಲ್ಲೇ, ನಾನು...

ಹೊತ್ತು ಮುಳುಗುವ ತನಕ ಅಂಗಳದಲ್ಲೇ ಕೂತೆವು. ಬೇವಿನ ಮರದಿಂದ ತಾಯಿ ಗೂಗಿ ಎದ್ದು ಗದ್ದೆಯ ಕಡೆ ಹೋಯಿತು. ತಿರುಗಿ ಬಂದಾಗ ಬಾಯಲ್ಲಿ ಇಲಿ. ಎಲಿವೇಟರಿನ ಕಿಂಡಿ ಹೊಕ್ಕಿತು. ಒಳಹೋದ ಚೀಲ, ಹೊರಬಂದ ಚೀಲ ಎಣಿಸುತ್ತಲೇ ಆಯುಷ್ಯ ಕಳೆದವನು ನಾನು. ಯಾವ ಲಾರಿಯನ್ನೂ ಅಷ್ಟು ದಿಟ್ಟಿಸಿರಲಿಲ್ಲ. ಹೊರಬಂತು. ಬಾಯಿ ಖಾಲಿ.

"ಉಂಡಾವ್ರೀ!" ಅಂದಳು ನಿಂಗಮ್ಮ. ನಾನು ನಂಬಲಿಲ್ಲ. ಆಮೇಲೆ ಮೇಲಿಂದ ಬುಸ್‌ಬುಸ್ ಅಂತ ಮರಿಗಳ ಜಗಳ ಕೇಳಿತು. ನನ್ನ ಕೂಗಿಗೆ ತಡವಾಗಿ ಬಂದ 'ಓ'.

ಮರಿ ಹಾರುವ ತನಕ ಉದ್ಘಾಟನೆ ಇಲ್ಲ. ನುಸಿಗೆ ನಿಂಗಮ್ಮ ಬೇವಿನ ಸೊಪ್ಪು ಒಣಗಿಸುತ್ತಿದ್ದಾಳೆ. ನಿಮ್ಮ ಖಾಲಿ ಪೆಟ್ಟಿಗೆಯನ್ನು, ಚೀಟಿ ಓದಿದ ಮಕ್ಕಳು ಕತ್ತೆತ್ತಿ ನೋಡಲಿ ಅಂತ, ಎಲಿವೇಟರಿನ ಬುಡದಲ್ಲಿಟ್ಟಿದ್ದೇನೆ. ಚೀಟಿಯ ಒಂದಕ್ಷರವನ್ನೂ ತಿದ್ದಿಲ್ಲ.

ನಿಮ್ಮ,
ಬಸ್ಯಾ