ಸೂಜಿ ಚುಚ್ಚಿದಾಗ ಬಂದ ಮಾತು

ಪೀಣ್ಯ ಎರಡನೇ ಹಂತ
೨೮-೯-೨೦೧೦

ಯಾಡಿ,

ನಮ್ಮ ಲಂಬಾಣಿ ಮಾತಿಗೆ ಲಿಪಿಯಿಲ್ಲ, ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ. ಅಣ್ಣ ಓದಿ ಹೇಳಲಿ.

ಇಲ್ಲಿ ಗಾರ್ಮೆಂಟ್ಸಿನಲ್ಲಿ ಯಾರು ಕೇಳಿದರೂ ‘ಬಿಜಾಪುರದ ಕಡೆಯವಳು’ ಎಂದಷ್ಟೇ ಹೇಳುತ್ತಿದ್ದೆ. ತಾಂಡಾದವಳು ಎಂದರೆ ಏನನ್ನುತ್ತಾರೋ ಎಂಬ ಅಳುಕು. ಯಾಡಿ ಎನ್ನದೆ ನಿನ್ನನ್ನೂ ಇಲ್ಲಿ ‘ಅವ್ವ’ ಮಾಡಿಬಿಟ್ಟಿದ್ದೆ, ಸಿಟ್ಟಾಗಬೇಡ. ನಿನ್ನೆ ಕಾಲರ್ ಹೊಲಿಯುವಾಗ ಮಷಿನ್ ಸೂಜಿ ಬೆರಳಿಗೇ ಇಳಿಯಿತು. ‘ಯಾಡಿಯೇ!’ ಎಂದು ಕಿರುಚಿಬಿಟ್ಟೆ. ಅವ್ವ ಬಾಯಿಗೆ ಬರಲೇ ಇಲ್ಲ.

ಲೈನಿನವರೆಲ್ಲ ತಿರುಗಿ ನೋಡಿದರು. ಸೂಪರ್‌ವೈಸರ್ ಪದ್ಮಾ ಮೇಡಂ, “ಏನಮ್ಮಾ, ನೋಡ್ಕೊಂಡು ಹೊಲಿಯಕ್ಕಾಗಲ್ವಾ?” ಎಂದು ಬೈಯುತ್ತಲೇ ಓಡಿಬಂದು ಬೆರಳನ್ನು ಒತ್ತಿ ಹಿಡಿದರು. ಅವರ ಬೆಂಗಳೂರು ಕನ್ನಡ ಕೇಳಿದರೆ ನಾವೆಲ್ಲ ನಡುಗುತ್ತೇವೆ. ಅಂಥವರು ನನ್ನ ಕಿವಿಯ ಹತ್ತಿರ ಬಗ್ಗಿ, ನಮ್ಮ ಮಾತಿನಲ್ಲೇ ಮೆಲ್ಲಗೆ ಕೇಳಿದರು: “ಯಾವ ತಾಂಡಾನೇ ನಿಂದು?” ಹನ್ನೊಂದು ವರ್ಷದಿಂದ ಅವರೂ ಬರೀ ‘ತುಮಕೂರು ಕಡೆ’ ಎನ್ನುತ್ತಿದ್ದರಂತೆ!

ಟಿಟಿ ಇಂಜೆಕ್ಷನ್ ಆಗಿದೆ, ಬೆರಳು ಮಡಚಲು ಬರುತ್ತದೆ, ಹೆದರಬೇಡ. ಆಯುಧಪೂಜೆಯ ದಿನ ಇಲ್ಲಿ ಎಲ್ಲರೂ ಚೆಂದದ ಬಟ್ಟೆ ಹಾಕಿಕೊಂಡು ಬರುತ್ತಾರೆ. ನೀನು ಕನ್ನಡಿ ಕೂರಿಸಿ ಹೊಲಿದ ಕಾಂಚಳಿಯನ್ನು, ಅದೇ, ಯಾರಾದರೂ ನೋಡಿಯಾರೆಂದು ನಾನು ಬಿಟ್ಟುಬಂದ ರವಿಕೆಯನ್ನು, ಬಸ್ಸಿನಲ್ಲಿ ಬರುವವರ ಕೈಲಿ ಕಳಿಸು.

ಊಟದ ಬಿಡುವು ಮುಗಿದ ಬೆಲ್ ಆಯಿತು, ಓಡಬೇಕು.

ನಿನ್ನ ಜಮುನಾ

ಮರೆತಿದ್ದೆ, ಇನ್ನೊಂದು ಕಾಂಚಳಿಯನ್ನೂ ಹೊಲಿ ಯಾಡಿ. ಅದು ಸ್ವಲ್ಪ ಸಡಿಲವಿರಲಿ, ಮೇಡಂ ನನಗಿಂತ ದಪ್ಪ.